ತೊಡೆ ಕುಡಿದ ಕಾಫಿ

ಇರ್ಬಿದ್ ಪಟ್ಟಣದಲ್ಲಿ ಮಗನಿಗೆ ಹೆಣ್ಣು ತರಬೇಕೆಂದವರು ಹುಡುಗಿಯ ತಂದೆಯನ್ನು ಕೇಳುವ ಮೊದಲು ಅವ್ವಾದ್‌ನನ್ನು ಕೇಳುತ್ತಿದ್ದರು, ಶುಕ್ರವಾರ ಬಿಡುವಿದೆಯೇ ಎಂದು. ಅವನೇನು ಶ್ರೀಮಂತನಲ್ಲ, ಓದಿದವನೂ ಅಲ್ಲ. ಇರ್ಬಿದ್‌ನಿಂದ ಅಜ್ಲೂನ್ ಬೆಟ್ಟಕ್ಕೆ ಮಿನಿಬಸ್ಸು ಓಡಿಸಿ ನಿವೃತ್ತನಾದವನು. ಆದರೆ ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗಿ ಕೂಗಿ ಹದವಾದ ಗಂಟಲು, ಹಾಲಿನಲ್ಲಿ ಅದ್ದಿ ತೆಗೆದಂಥ ಮೀಸೆ, ಕೂತರೆ ಕದಲದ ಮೈ. ಹೆಣ್ಣು ಕೇಳಲು ಹೋಗುವ ಹಿರಿಯರ ಗುಂಪಿಗೆ, ಅಂದರೆ ಜಾಹಾಕ್ಕೆ, ಮುಂದಾಳಾಗಲು ಇಷ್ಟು ಸಾಕು.

ಜಾಹಾದ ಕಟ್ಟಳೆ ಎಲ್ಲರಿಗೂ ಗೊತ್ತಿದ್ದದ್ದೇ. ಹುಡುಗಿಯ ಮನೆಯವರು ಮುಂದಾಳಿಗೆ ಕಾಫಿ ಕೊಡುತ್ತಾರೆ. ಅವನು ಅದನ್ನು ಕುಡಿಯದೆ ಮುಂದಿಟ್ಟುಕೊಂಡು, ನಮ್ಮದೊಂದು ಕೋರಿಕೆ ಇದೆ, ಅದು ನೆರವೇರುವ ತನಕ ಇದನ್ನು ಮುಟ್ಟುವುದಿಲ್ಲ ಅನ್ನುತ್ತಾನೆ. ಹುಡುಗಿಯ ತಂದೆ ಒಪ್ಪಿದರೆ, ಕಾಫಿ ಕುಡಿಯಿರಿ ಅನ್ನುತ್ತಾನೆ. ಉತ್ತರಕ್ಕೆ ಮೊದಲೇ ಕುಡಿದರೆ ಕೋರಿಕೆ ಹಿಂತೆಗೆದುಕೊಂಡಂತೆ. ಕುಡಿಯದೆ ಎದ್ದು ಹೋದರೆ ಎರಡು ಮನೆಗಳಿಗೆ ಮೊಮ್ಮಕ್ಕಳ ಕಾಲದವರೆಗೆ ಮಾತಿಲ್ಲ. ಅವ್ವಾದ್‌ನ ಮುಂದಿಟ್ಟ ಕಾಫಿ ಒಮ್ಮೆಯೂ ಆರಿ ತಣ್ಣಗಾಗಿಲ್ಲ ಎಂಬುದು ಊರಿನ ಮಾತು. ಅದು ಅವನ ಕಿವಿಗೂ ಬಿದ್ದಿತ್ತು, ಬಿದ್ದದ್ದು ಹಾಗೇ ಎದೆಗೂ ಇಳಿದಿತ್ತು.

ಅದೇ ಎದೆಯನ್ನು ತಟ್ಟಿ ನೋಡಿದ ವೈದ್ಯರು, ನಿಮ್ಮ ಶ್ವಾಸಕೋಶ ನಿಮ್ಮ ಹಳೇ ಬಸ್ಸಿನ ಸೈಲೆನ್ಸರ್ ಆಗಿದೆ, ಹುಕ್ಕಾ ಬಿಡಿ ಎಂದರು. ಹೆಂಡತಿ ಉಮ್ಮ್ ಗಾಲಿಬ್ ಅದೇ ದಿನ ಹುಕ್ಕಾವನ್ನು ಮಹಡಿಗೆ ಹೊತ್ತೊಯ್ದು, ಅದರ ಗಾಜಿನ ಬುಂಡೆಗೆ ಮಣ್ಣು ತುಂಬಿ ಪುದೀನ ನೆಟ್ಟಳು. ಪುದೀನ ಚೆನ್ನಾಗಿ ಬಂತು. ಅವ್ವಾದ್ ಚಹಾಕ್ಕೆ ಅದನ್ನು ಕೀಳುವಾಗಲೆಲ್ಲ ಯಾರೋ ತೀರಿಕೊಂಡ ಗೆಳೆಯನ ಗಡ್ಡ ಕಿತ್ತಂತೆ ಸಂಕಟಪಡುತ್ತಿದ್ದ.

ಸಂಕಟ ತಡೆಯಲಾಗದೆ ಒಂದು ಮಧ್ಯಾಹ್ನ ವಿಶ್ವವಿದ್ಯಾಲಯದ ಬೀದಿಯ ವೇಪ್ ಅಂಗಡಿಗೆ, ಅಂದರೆ ಬ್ಯಾಟರಿಯಿಂದ ಹೊಗೆಯಾಡುವ ಸೇದುಕೊಳವೆ ಮಾರುವಲ್ಲಿಗೆ, ಹೋದ. ಅಂಗಡಿಯ ಲೈಸ್ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿ, ಕೆಲಸ ಸಿಗುವ ತನಕ ಎಂದು ಅಂಗಡಿ ಇಟ್ಟವನು. ಅವ್ವಾದ್ ಗಾಜಿನ ಕಪಾಟಿನಲ್ಲಿದ್ದ ಎಲ್ಲಕ್ಕಿಂತ ದಪ್ಪನೆಯ ಹಿತ್ತಾಳೆ ಕೊಳವೆಗೆ ಬೆರಳು ತೋರಿಸಿದ.

"ಹಾಜಿ, ಅದು ಹೊಸಬರಿಗಲ್ಲ. ಅದರ ಕಾಯಿಲ್ ತುಂಬ ಕಮ್ಮಿ ಓಮಿಂದು. ಸಣ್ಣದೊಂದು ತಗೊಳ್ಳಿ," ಎಂದ ಲೈಸ್.

"ನಿಮ್ಮಮ್ಮನ್ನ ಕೇಳೋಕೆ ಹೋದ ಜಾಹಾದಲ್ಲಿ ನಾನೂ ಕೂತಿದ್ದೆ ಕಣೋ. ನನ್ನನ್ನ ಹೊಸಬ ಅಂತೀಯ?"

ಲೈಸ್ ಕಪಾಟು ತೆರೆದು ಆ ಕೊಳವೆಯನ್ನೇ ತೆಗೆದುಕೊಟ್ಟ. ಆದರೂ ಅವನು ಒಳ್ಳೆಯ ಹುಡುಗ. ಅವ್ವಾದ್‌ನನ್ನು ಸ್ಟೂಲಿನ ಮೇಲೆ ಕೂರಿಸಿ, ಚಾಲಕನಿಗೆ ತಿಳಿಯುವಂತೆ ಹೇಳಿದ. ಕಾಯಿಲ್ ಅಂದರೆ ಕಾದು ಹೊಗೆಯೆಬ್ಬಿಸುವ ತಂತಿಸುರುಳಿ, ಓಮ್ ಅಂದರೆ ಅದರ ತಡೆ. ಅಜ್ಲೂನ್ ಇಳಿಜಾರಿನಲ್ಲಿ ಗೇರು ಹೇಗೋ ಹಾಗೆ. ತಡೆ ಕಡಿಮೆಯಾದಷ್ಟೂ ಬ್ಯಾಟರಿಯಿಂದ ಕರೆಂಟು ಧುಮುಕಿ ಬರುತ್ತದೆ, ಹೊಗೆ ದಟ್ಟವಾಗುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಬಸ್ಸು ಓಡುತ್ತದೆ ನಿಜ, ಆದರೆ ತಿರುವಿನಲ್ಲಿ ಯಾರು ಹಿಡಿಯುತ್ತಾರೆ? ಪ್ರತಿ ಬ್ಯಾಟರಿಗೂ ಇಷ್ಟು ಆಂಪ್ ಮಾತ್ರ ಎಂಬ ಮಿತಿ ಇದೆ. ಕಾಯಿಲ್ ಕೇಳುವುದು ಅದಕ್ಕಿಂತ ಹೆಚ್ಚಾದರೆ ಬ್ಯಾಟರಿ ಕುದಿಯುತ್ತದೆ. ಹೊದಿಕೆಯ ಮೇಲೆ ದೊಡ್ಡ ಅಂಕಿ ಅಚ್ಚು ಹಾಕಿದ ಮಾತ್ರಕ್ಕೆ ನಂಬಬಾರದು. ಹೊಸ ಕಾಯಿಲ್ ಹಾಕಿದಾಗ ಮೀಟರಿನಲ್ಲಿ ತಡೆ ಅಳೆಯಬೇಕು. ಚಾರ್ಜಿಗೆ ಹಾಕಿ ಮನೆ ಬಿಟ್ಟು ಹೋಗಬಾರದು. ಬ್ಯಾಟರಿಯ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ ಒಂದು ಚೂರು ಹರಿದರೂ ಅದನ್ನು ಬಳಸಬಾರದು, ಯಾಕೆಂದರೆ ಒಳಗಿನ ಲೋಹದ ಮೈ ಪೂರ್ತಿ ಒಂದು ಧ್ರುವ, ನೆತ್ತಿಯ ಗುಂಡಿ ಇನ್ನೊಂದು.

"ಇನ್ನೊಂದು ಮಾತು ಹಾಜಿ, ಇದು ಮುಖ್ಯ. ಬಿಡಿ ಬ್ಯಾಟರಿನ ಬೀಗದಕೈ, ಚಿಲ್ಲರೆ ಜೊತೆ ಜೇಬಲ್ಲಿ ಹಾಕ್ಬೇಡಿ. ಈ ಡಬ್ಬೀಲೇ ಇಡಿ."

ಡಬ್ಬಿ ಪಾರದರ್ಶಕವಾಗಿತ್ತು, ಮುಚ್ಚಳ ಟಕ್ಕೆಂದು ಕೂರುತ್ತಿತ್ತು. ಅವ್ವಾದ್ ಅದನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ನೋಡಿದ. ಇಂಥ ಒಂದು ಡಬ್ಬಿಗಾಗಿ ಅವನು ವರ್ಷಗಟ್ಟಲೆ ಹುಡುಕಿದ್ದ. ಭಾಷಣಕ್ಕೆ ಮುಂಚೆ ಗಂಟಲಿಗೆಂದು ಅವನು ಅಗಿಯುತ್ತಿದ್ದ ಏಲಕ್ಕಿ ಯಾವ ಜೇಬಿನಲ್ಲಿಟ್ಟರೂ ಪುಡಿಯಾಗುತ್ತಿತ್ತು. ಮನೆಗೆ ಬಂದವನೇ ಡಬ್ಬಿಯಲ್ಲಿ ಏಲಕ್ಕಿ ತುಂಬಿದ. ಬ್ಯಾಟರಿ ಜೇಬಿಗೆ ಹೋಯಿತು.

ಹಾಗೆಂದು ಅವನು ಮಾತು ಮೀರುವವನಲ್ಲ. ಬೀಗದಕೈಗಳನ್ನು ಇನ್ನೊಂದು ಜೇಬಿಗೆ ದಾಟಿಸಿದ. ಚಿಲ್ಲರೆಯನ್ನು ಹೆಂಡತಿಗೆ ಕೊಟ್ಟುಬಿಟ್ಟ. ಲೈಸ್ ಹೇಳಿದ್ದು ಎರಡೇ, ಬೀಗದಕೈ ಮತ್ತು ಚಿಲ್ಲರೆ. ಬಲಜೇಬಿನಲ್ಲಿ ಅವನ ಮದುವೆಗೆ ಮಾವ ಕೊಟ್ಟ ತಸ್ಬೀಹ್ ಮಣಿಸರ ಇತ್ತು, ತುದಿಯಲ್ಲಿ ಬೆಳ್ಳಿ ಸರಪಳಿಗಳ ದೊಡ್ಡ ಕುಚ್ಚು. ದೇವರ ಹೆಸರು ಎಣಿಸುವ ಸರ ಬೀಗದಕೈಯೂ ಅಲ್ಲ, ಚಿಲ್ಲರೆಯೂ ಅಲ್ಲ. ಅದನ್ನು ಅನುಮಾನಿಸುವುದಾದರೂ ಹೇಗೆ?

ಬೆಳಗ್ಗೆ ಅವನು ಮಹಡಿಯ ಮೇಲೆ ನಿಂತು ಮಾವಿನ ಪರಿಮಳದ ಒಂದು ದಮ್ಮು ಬಿಟ್ಟರೆ, ಮಂಜು ಇಳಿಯಿತೆಂದು ಪಕ್ಕದ ಮನೆಯಾಕೆ ಒಣಹಾಕಿದ ಬಟ್ಟೆಗಳನ್ನು ಒಳಗೆ ಒಯ್ಯುತ್ತಿದ್ದಳು. ಉಮ್ಮ್ ಗಾಲಿಬ್‌ಗೆ ಅವನು, ಇದು ಎದೆಗೆ ವೈದ್ಯರು ಹೇಳಿದ ಆವಿ ಎಂದಿದ್ದ. ಅವಳು ನಂಬಿದವಳಂತೆ ತಲೆಯಾಡಿಸಿದ್ದಳು. ಕೆಲವು ದಿನಗಳಲ್ಲಿ ಬ್ಯಾಟರಿಯ ನೆತ್ತಿಯ ಬಳಿ ಹೊದಿಕೆ ಉಗುರಿಗೆ ಸಿಕ್ಕಿ ಹರಿಯಿತು. ಅವ್ವಾದ್ ಅದಕ್ಕೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದ. ಮನುಷ್ಯನ ಚರ್ಮಕ್ಕೆ ಆಗಿಬರುವುದು ಬ್ಯಾಟರಿಗೆ ಆಗದೇ ಎಂಬುದು ಅವನ ಲೆಕ್ಕ.

ಹೀಗಿರುವಾಗ ಹಾರಿಸ್‌ನ ವಿಷಯ ಬಂತು. ಹಾರಿಸ್ ತೀರಿಕೊಂಡ ತಮ್ಮನ ಮಗ, ಅವ್ವಾದ್‌ನ ಮನೆಯಲ್ಲೇ ಬೆಳೆದವನು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಕನ್ನಡಕ ಮಾಡಿಸಲು ಬಂದ ಬುಥೈನಾ ಎಂಬ ಹುಡುಗಿಗೆ ಅಕ್ಷರದ ಹಲಗೆ ತೋರಿಸುತ್ತ ತಾನೇ ಕಣ್ಣು ಕಳೆದುಕೊಂಡಿದ್ದ. ಅಜ್ಲೂನ್ ಬೆಟ್ಟದ ಬದಿಯ ಹಳ್ಳಿ, ಒಳ್ಳೆಯ ಮನೆತನ. ಹೆಂಗಸರು ಒಳಗೊಳಗೇ ಎಲ್ಲ ಮಾತಾಡಿ ಮುಗಿಸಿದ್ದರು. ಉಳಿದದ್ದು ಹುಡುಗಿಯ ತಂದೆ ಅಬು ದಿರ್ಘಾಮ್‌ನ ಒಂದೇ ಷರತ್ತು.

ಅವನ ಹಿರಿಮಗನ ಮದುವೆಯಲ್ಲಿ ಯಾರೋ ಖುಷಿಗೆ ಆಕಾಶಕ್ಕೆ ಹಾರಿಸಿದ ಗುಂಡು ಆಕಾಶದಲ್ಲಿ ಉಳಿಯದೆ ಕೆಳಗಿಳಿದು, ಅವನ ತಮ್ಮ ದೀಬ್‌ನ ಮೊಣಕಾಲು ಹೊಕ್ಕಿತ್ತು. ಅಂದಿನಿಂದ ದೀಬ್‌ನ ಕಾಲು ಮಡಚುವುದಿಲ್ಲ. ಅಂದಿನಿಂದ ಅಬು ದಿರ್ಘಾಮ್‌ನ ಅಂಗಳದಲ್ಲಿ ಮಕ್ಕಳು ಬಲೂನು ಒಡೆಯುವಂತಿಲ್ಲ. ಬುಥೈನಾಳನ್ನು ಕೇಳಲು ಬಂದಿದ್ದ ಮೊದಲ ಜಾಹಾದವರು ಬೆಟ್ಟದ ತಿರುವಿನಲ್ಲಿ ಕಾರಿನಿಂದ ಒಂದು ಗುಂಡು ಹಾರಿಸಿದ್ದಕ್ಕೆ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಹಿಂದಕ್ಕೆ ಕಳಿಸಿದ್ದ. ಈ ಸಲ ಅವ್ವಾದ್‌ಗೆ ಫೋನಿನಲ್ಲೇ, ವಾಡಿಕೆಯಂತೆ ಗಾಲಿಬ್‌ನ ತಂದೆ ಎಂದು ಮಗನ ಹೆಸರಿನಿಂದ ಕರೆದು, ಹೇಳಿದ.

"ಅಬು ಗಾಲಿಬ್, ನನ್ನ ಮನೇಲಿ ಢಂ ಅಂತ ಒಂದು ಸದ್ದು ಬಂದ್ರೂ ಮಗಳು ನನ್ನ ಹತ್ರಾನೇ ಇರ್ತಾಳೆ. ನಿಮ್ಮ ಗುಂಪಿನೋರಿಗೆಲ್ಲ ನೀವು ಹೊಣೆ."

"ನನ್ನ ಮೀಸೆ ಮೇಲಾಣೆ," ಎಂದ ಅವ್ವಾದ್.

ಶುಕ್ರವಾರ ನಮಾಜು ಮುಗಿಸಿ ಕಾರುಗಳು ಬೆಟ್ಟ ಹತ್ತಿದವು. ಹುಡುಗಿಯ ಮನೆಯ ಗೇಟಿನ ಬಳಿ ಅವ್ವಾದ್ ತನ್ನ ಜರಿಯಂಚಿನ ಕಂದು ಮೇಲಂಗಿ ಸರಿಪಡಿಸಿಕೊಂಡು, ತನ್ನವರನ್ನೆಲ್ಲ ಸಾಲಾಗಿ ನಿಲ್ಲಿಸಿದ. ಒಬ್ಬೊಬ್ಬರ ಸೊಂಟ, ಕಂಕುಳು, ಜೇಬು ತಾನೇ ತಟ್ಟಿ ನೋಡಿದ. ಪಟಾಕಿ ಇರಬಹುದೆಂದು ಒಬ್ಬ ಸೋದರಳಿಯನ ಮೂಗಿನ ಔಷಧದ ಸೀಸೆಯನ್ನೂ ಕಿತ್ತು ಕಾರಿನಲ್ಲಿಟ್ಟ. ಕೊಳವೆಯನ್ನು ಕಾರಿನಲ್ಲೇ ಬಿಟ್ಟಿದ್ದ. ಆದರೆ ಮಾತುಕತೆ ಮುಗಿದ ಮೇಲೆ ಆಲಿವ್ ಮರಗಳ ಹಿಂದೆ ಎರಡು ದಮ್ಮಿಗೆ ಬೇಕೆಂದು, ತುಂಬ ಚಾರ್ಜಾದ ಬಿಡಿ ಬ್ಯಾಟರಿಯೊಂದು ಬಲಜೇಬಿನಲ್ಲಿತ್ತು. ತಟ್ಟದೆ ಉಳಿದದ್ದು ಅದೊಂದೇ ಜೇಬು. ಮುಂದಾಳಿನ ಜೇಬು ತಟ್ಟುವವರು ಯಾರು?

ಜೊತೆಗೆ ಬಂದಿದ್ದ ಉಮ್ಮ್ ಗಾಲಿಬ್ ಒಳಮನೆಯ ಹೆಂಗಸರನ್ನು ಸೇರಿದಳು. ಅತಿಥಿಗಳ ಹಜಾರದಲ್ಲಿ ಎರಡು ಮನೆಯ ಗಂಡಸರೂ ಗೋಡೆಗುಂಟ ಹಾಕಿದ ಮಂಚಗಳ ಮೇಲೆ ಎದುರುಬದುರು ಕೂತರು. ಬಾಗಿಲು ಅಂಗಳಕ್ಕೆ ತೆರೆದಿತ್ತು. ಹೊಸ ಎಣ್ಣೆ ತುಂಬಲು ತೊಳೆದಿಟ್ಟ ತಗಡಿನ ದೊಡ್ಡ ಡಬ್ಬಗಳು ಹೊಸ್ತಿಲಾಚೆ ಬಾಯ್ದೆರೆದು ಒಣಗುತ್ತಿದ್ದವು. ದೀಬ್ ತನ್ನ ಕಾಲನ್ನು ಉದ್ದಕ್ಕೆ ಚಾಚಿ ಕೂತಿದ್ದ, ಗೋಡೆಗೆ ಒರಗಿಸಿದ ಸಾಕ್ಷಿಯಂತೆ. ಕಾಫಿ ಬಂತು. ಮರ್ಯಾದೆಯ ಅಳತೆಯಂತೆ ಪುಟ್ಟ ಬಟ್ಟಲಿನ ತಳ ಮುಚ್ಚುವಷ್ಟು. ಅವ್ವಾದ್ ಅದನ್ನು ಮುಂದಿಟ್ಟುಕೊಂಡು, ಡಬ್ಬಿಯಿಂದ ಒಂದು ಏಲಕ್ಕಿ ತೆಗೆದು ಬಾಯಿಗೆ ಹಾಕಿ, ಡಬ್ಬಿಯನ್ನು ಟಕ್ಕೆಂದು ಮುಚ್ಚಿ, ಭಾಷಣ ಶುರುಮಾಡಿದ.

ಅದು ಅವನ ಬದುಕಿನ ಒಳ್ಳೆಯ ಭಾಷಣಗಳಲ್ಲಿ ಒಂದಾಗುವುದರಲ್ಲಿತ್ತು. ದೇವರ ಸ್ತುತಿ ಮುಗಿದು ಮನೆತನದ ಹೊಗಳಿಕೆಗೆ ಬರುವಾಗ ಬಲತೊಡೆ ಬೆಚ್ಚಗಾಯಿತು. ಫೋನಿರಬೇಕು ಎಂದುಕೊಂಡ. ಫೋನು ಎಡಜೇಬಿನಲ್ಲಿತ್ತು. ಮಂಡಿನೋವಿಗೆ ಹೆಂಡತಿ ಹಚ್ಚಿದ ಮುಲಾಮು ಈಗ ಕೆಲಸ ಶುರುಮಾಡಿದೆ ಎಂದುಕೊಂಡು ಮನಸ್ಸಿನಲ್ಲೇ ಅವಳನ್ನು ಹರಸಿದ. ಕೊಂಚ ಸರಿದು ಕೂತಾಗ ಬಿಸಿ ಇಳಿಯಿತು. ಹುಡುಗನ ಗುಣ ಹೇಳಲು ಮುಂದಕ್ಕೆ ಬಾಗಿದಾಗ ಮತ್ತೆ ಏರಿತು. ಆಗ ಅವನಿಗೆ ಕುಚ್ಚು ನೆನಪಾಯಿತು, ಪಟ್ಟಿ ನೆನಪಾಯಿತು, ಲೈಸ್ ನೆನಪಾದ. ಗಾಯದ ಪಟ್ಟಿ ಬಿಚ್ಚಿಕೊಂಡು, ಬೆಳ್ಳಿಯ ಸರಪಳಿ ಬ್ಯಾಟರಿಯ ಗುಂಡಿಯನ್ನೂ ಬರಿಮೈಯನ್ನೂ ಒಟ್ಟಿಗೆ ಅಪ್ಪಿಕೊಂಡಿತ್ತು.

ಉಳಿದ ಭಾಷಣವನ್ನು ಅವನು ಅಜ್ಲೂನ್ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದ. ಹಾರಿಸ್‌ನ ಓದು, ಕೆಲಸ, ನಡತೆ ಎಲ್ಲ ಒಂದೇ ಉಸಿರಿನಲ್ಲಿ ಕೆಳಗಿಳಿದವು. ಕೋರಿಕೆ ಹೇಳಿ ಮುಗಿಸಿ ಉತ್ತರಕ್ಕೆ ಕಾದ. ಈಗ ಅಬು ದಿರ್ಘಾಮ್ ಎರಡು ಮಾತು ಹೇಳಿದರೆ ಸಾಕು, ಕಾಫಿ ಕುಡಿದು ಹೊರಗೆ ಓಡಬಹುದು.

ಆದರೆ ಅಬು ದಿರ್ಘಾಮ್ ಎದುರಿಗಿದ್ದವನ ಮುಖ ನೋಡಿದ. ಅವ್ವಾದ್‌ನ ಕಣ್ಣಲ್ಲಿ ನೀರು ತುಂಬಿತ್ತು, ಮೀಸೆ ನಡುಗುತ್ತಿತ್ತು, ಹಣೆ ಕೆಂಪಾಗಿತ್ತು. ತಂದೆಯಿಲ್ಲದ ಹುಡುಗನಿಗಾಗಿ ಒಬ್ಬ ಗಂಡಸು ಇಷ್ಟು ಕರಗುವುದನ್ನು ಅವನು ಕಂಡಿರಲಿಲ್ಲ. ಇಂಥ ಮನಸ್ಸಿಗೆ ಎರಡೇ ಮಾತಿನ ಉತ್ತರ ಕೊಟ್ಟರೆ ಅವಮಾನವೆಂದು ತನ್ನ ಮುತ್ತಾತನಿಂದ ಹಿಡಿದ. ಮುತ್ತಾತ ಬಾವಿ ತೋಡಿಸಿದ್ದು, ಬಾವಿಯ ಪಕ್ಕ ಆಲಿವ್ ನೆಟ್ಟದ್ದು, ಆಲಿವ್‌ಗೆ ಹುಳ ಬಿದ್ದದ್ದು. ಕೂತ ಮುದುಕರು ಒಬ್ಬೊಬ್ಬರಾಗಿ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ಹಾರಿಸ್ ಮೆಲ್ಲಗೆ ಹೇಳಿದ.

"ದೊಡ್ಡಪ್ಪ, ಅಳಬೇಡಿ. ನಂಗೂ ಅಳು ಬರ್ತಿದೆ."

"ಅಳ್ತಿಲ್ಲ ಮಗ, ಬೇಯ್ತಿದೀನಿ."

ಎದ್ದರೆ ಸಂಬಂಧ ಮುರಿಯುತ್ತದೆ. ಕೂತರೆ ತೊಡೆ ಉಳಿಯುವುದಿಲ್ಲ. ಅವನು ಮುಂದಿದ್ದ ಕಾಫಿ ನೋಡಿದ. ಅಬು ದಿರ್ಘಾಮ್ ಮುತ್ತಾತನ ಆಲಿವ್ ಹುಳದಿಂದ ತಾತನ ಎರಡನೇ ಮದುವೆಗೆ ಬರುವ ಹೊತ್ತಿಗೆ ಜೇಬಿನೊಳಗಿಂದ ಸುಯ್ ಎಂಬ ಸದ್ದು ಬಂತು. ಅವ್ವಾದ್ ಬಟ್ಟಲೆತ್ತಿ ಕಾಫಿಯನ್ನು ತೊಡೆಯ ಮೇಲೆ ಸುರಿದ. ಆ ಅಳತೆಯ ಕಾಫಿ ಒಂದು ಇರುವೆಯನ್ನೂ ನೆನೆಸುವಂತಿರಲಿಲ್ಲ. ಅವನು ಜೇಬಿಗೆ ಕೈಹಾಕಿ ಮಣಿಸರ ಜಗ್ಗಿದ. ಕುಚ್ಚಿಗೆ ಬೆಸೆದುಕೊಂಡ ಬ್ಯಾಟರಿ ಹೊಗೆಯುಗುಳುತ್ತ ಜೊತೆಗೇ ಬಂತು. ದೇವರ ಹೆಸರು ಹೇಳಿ ಎರಡನ್ನೂ ಬಾಗಿಲಾಚೆಗೆ ಎಸೆದ. ಅದು ಬೇರೆಲ್ಲೂ ಬೀಳದೆ ಎಣ್ಣೆಯ ತಗಡಿನ ಡಬ್ಬದೊಳಕ್ಕೆ ಇಳಿಯಿತು.

ಢಂ ಎಂದಿತು.

ಖಾಲಿ ತಗಡು ಸದ್ದನ್ನು ಹತ್ತು ಪಟ್ಟು ಮಾಡಿ ಬೆಟ್ಟಕ್ಕೆ ಕೊಟ್ಟಿತು, ಬೆಟ್ಟ ಹಿಂದಕ್ಕೆ ಕೊಟ್ಟಿತು. ಒಳಮನೆಯ ಹೆಂಗಸರು ಮಾತುಕತೆ ಮುಗಿಯಿತೆಂದು ಹರ್ಷದಿಂದ ಉಲಿದು, ಅರ್ಧಕ್ಕೇ ನಿಲ್ಲಿಸಿದರು. ದೀಬ್ ಮಡಚದ ಕಾಲಿನೊಡನೆ ಹೇಗೆ ಮಾಡಿದನೋ, ಮಂಚದ ಕೆಳಗಿದ್ದ.

ಅಬು ದಿರ್ಘಾಮ್ ಎದ್ದು ನಿಂತ. ಅವನ ಮುಖದಲ್ಲಿ ರಕ್ತವಿರಲಿಲ್ಲ. ಯಾರು ಹಾರಿಸಿದ್ದು ಎಂದು ಕೇಳಿದ. ತಾತನ ನೆನಪಿನಲ್ಲಿ ತಲೆವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಅವನಿಗೆ ಸುರಿದದ್ದೂ ಎಸೆದದ್ದೂ ಕಂಡಿರಲಿಲ್ಲ. ಅವ್ವಾದ್‌ನ ಕಡೆಯ ಮುದುಕನೊಬ್ಬ ಥಟ್ಟನೆ, ಬೀದಿ ಹುಡುಗರ ಪಟಾಕಿ ಎಂದ. ಇನ್ನಿಬ್ಬರು ಹೌದು ಹೌದು ಎಂದರು. ಅಲ್ಲಿಗೆ ಮುಗಿಸಬಹುದಿತ್ತು. ಹಾರಿಸ್‌ನ ಕಣ್ಣು ಅವ್ವಾದ್‌ನ ಮೇಲಿತ್ತು. ಹೂಂ ಅನ್ನು ಎಂದು ಬೇಡುತ್ತಿತ್ತು.

ಅವ್ವಾದ್ ಖಾಲಿ ಬಟ್ಟಲು ಕೈಯಲ್ಲಿ ಹಿಡಿದು ಕುಂಟುತ್ತ ಎದ್ದ.

"ಪಟಾಕಿ ಅಲ್ಲ, ಅಬು ದಿರ್ಘಾಮ್. ಗುಂಡೂ ಅಲ್ಲ. ನನ್ನ ಜೇಬು. ಎಲ್ಲರ ಜೇಬೂ ನೋಡ್ದೆ, ನಂದು ಬಿಟ್ಟು."

ಆಮೇಲೆ ಅವನು ಎಲ್ಲ ಹೇಳಿದ. ಹುಕ್ಕಾ, ಪುದೀನ, ಕೊಳವೆ, ಲೈಸ್, ಪಟ್ಟಿ, ಕುಚ್ಚು. ಬಸ್ ನಿಲ್ದಾಣದ ಗಂಟಲಿನಲ್ಲಿ ಹೇಳಿದ್ದರಿಂದ ಒಳಮನೆಯಲ್ಲಿದ್ದ ಉಮ್ಮ್ ಗಾಲಿಬ್‌ಗೂ ಒಂದಕ್ಷರ ಬಿಡದೆ ಕೇಳಿಸಿತು. ಮಂಚದ ಕೆಳಗಿನಿಂದ ಹೊರಬಂದ ದೀಬ್ ತಗಡಿನ ಡಬ್ಬದವರೆಗೆ ಹೋಗಿ ಬಗ್ಗಿ ನೋಡಿದ. ಸುಟ್ಟ ಬ್ಯಾಟರಿ, ಕರಗಿದ ಬೆಳ್ಳಿ, ಒಡೆದ ಮಣಿಗಳು. ಅಣ್ಣನ ಕಡೆ ತಿರುಗಿ, ಬಂದೂಕಲ್ಲ ಎಂದು ತಲೆಯಾಡಿಸಿದ. ಆ ಮನೆಯಲ್ಲಿ ಈ ವಿಷಯಕ್ಕೆ ದೀಬ್‌ನ ಮಾತೇ ತೀರ್ಪು.

ಅಬು ದಿರ್ಘಾಮ್ ನಿಧಾನವಾಗಿ ಕೂತ. ಆದರೆ ಅಷ್ಟರಲ್ಲಿ ಹುಡುಗಿಯ ಕಡೆಯ ಹಿರಿಯನೊಬ್ಬ ಬೇರೊಂದು ತೊಡಕು ತೆಗೆದ. ಸದ್ದಿನ ಮಾತು ಇರಲಿ, ಬಟ್ಟಲು ಖಾಲಿಯಾಗಿದೆ, ಉತ್ತರಕ್ಕೆ ಮೊದಲೇ ಕಾಫಿ ಖರ್ಚಾಗಿದೆ, ಹಾಗಾದರೆ ಕೋರಿಕೆ ಉಳಿಯಿತೇ ಹೋಯಿತೇ? ಇದಕ್ಕೆ ಪೂರ್ವಜರ ಕಾಲದಲ್ಲಿ ನಿದರ್ಶನವಿರಲಿಲ್ಲ. ಕುಡಿಯುವುದು ಎಂದರೆ ಬಾಯಿಂದ ಎಂದು ಗಂಡಿನವರು ವಾದಿಸಿದರು. ಬಟ್ಟಲು ಬಾಯಿ ನೋಡುವುದಿಲ್ಲ, ತಾನು ಬರಿದಾದದ್ದು ಮಾತ್ರ ನೋಡುತ್ತದೆ ಎಂದು ಹೆಣ್ಣಿನವರು. ಒಬ್ಬ ಮುದುಕ, ಒಂಟೆ ಒದ್ದು ಚೆಲ್ಲಿದ ಕಾಫಿಯ ಕಥೆ ತಂದ. ಇನ್ನೊಬ್ಬ, ಒಂಟೆ ಆ ಜಾಹಾದ ಸದಸ್ಯನಾಗಿರಲಿಲ್ಲ ಎಂದು ಅದನ್ನು ತಳ್ಳಿಹಾಕಿದ. ಅಷ್ಟು ಹೊತ್ತೂ ಅವ್ವಾದ್ ತೊಡೆಯನ್ನು ಗಾಳಿಗೆ ಹಿಡಿದು ನಿಂತೇ ಇದ್ದ. ಕೂರು ಎಂದು ಯಾರೂ ಹೇಳಿರಲಿಲ್ಲ.

ಕೊನೆಗೆ ದೀಬ್ ತನ್ನ ನೆಟ್ಟಗಿನ ಕಾಲನ್ನು ಕೈಯಿಂದ ಎತ್ತಿ ಪಕ್ಕಕ್ಕಿಟ್ಟು ಬಾಯಿಬಿಟ್ಟ.

"ಅಣ್ಣ, ನನ್ನ ಮಂಡಿಗೆ ಗುಂಡು ಹೊಡೆದೋನು ಇವತ್ತಿಗೂ ನಾನಲ್ಲ ಅಂತಾನೆ. ಇವ್ರು ತೊಡೆ ಸುಟ್ಕೊಂಡು, ನಾನೇ ಅಂತಿದಾರೆ. ಇನ್ನೊಂದು ಬಟ್ಲು ತರ್ಸು."

ಅಬು ದಿರ್ಘಾಮ್ ತಮ್ಮನನ್ನು ನೋಡಿದ. ಎದ್ದು, ಕಾಫಿ ಪಾತ್ರೆಯನ್ನು ತಾನೇ ತಂದು, ಮರ್ಯಾದೆಯ ಅಳತೆ ಮೀರಿ ಬಟ್ಟಲಿನ ಕಂಠದವರೆಗೆ ಸುರಿದ.

"ಮೊದಲನೇದು ತೊಡೆ ಕುಡೀತು, ಅದಕ್ಕೆ ಬಾಯಾರಿತ್ತು. ಇದು ನಿಮ್ಮದು. ಕುಡೀರಿ ಅಬು ಗಾಲಿಬ್, ಹುಡುಗಿ ನಿಮ್ಮೋಳು. ಆದ್ರೆ ಮದ್ವೆ ದಿನ ಗೇಟಲ್ಲಿ ನಿಮ್ಮ ಜೇಬು ನಾನೇ ತಟ್ಟೋದು."

ಅವ್ವಾದ್ ಕುಡಿದ. ಆಗ ಹೆಂಗಸರು ನಿಲ್ಲಿಸಿದ್ದ ಉಲಿಯನ್ನು ಪೂರ್ತಿ ಮಾಡಿದರು.

ಇಳಿಜಾರಿನಲ್ಲಿ ಕಾರು ಕಡಿಮೆ ಗೇರಿನಲ್ಲಿ ಇಳಿಯುತ್ತಿರುವಾಗ ಉಮ್ಮ್ ಗಾಲಿಬ್ ಕೈಚಾಚಿ ಡಬ್ಬಿ ಕೇಳಿ ಪಡೆದು, ಏಲಕ್ಕಿಯನ್ನೆಲ್ಲ ತನ್ನ ಕೈಚೀಲಕ್ಕೆ ಸುರಿದುಕೊಂಡು, ಖಾಲಿ ಡಬ್ಬಿಯನ್ನು ಅವನ ಮಡಿಲಿಗಿಟ್ಟಳು. ವೈದ್ಯರು ಹೇಳಿದ ಆವಿ, ಎಂದಷ್ಟೇ ಹೇಳಿದಳು.

ಆ ಹಿತ್ತಾಳೆ ಕೊಳವೆಯನ್ನು ಅವನು ಲೈಸ್‌ಗೆ ವಾಪಸು ಕೊಟ್ಟ. ಬದಲಿಗೆ ತೆಗೆದುಕೊಂಡದ್ದು ಪೆನ್ನಿನಷ್ಟು ಸಣ್ಣದು, ಬ್ಯಾಟರಿ ಒಳಗೇ ಭದ್ರವಾಗಿ ಕೂತದ್ದು. ಅದರ ಹೊಗೆಗೆ ಪಕ್ಕದ ಮನೆಯಾಕೆ ಒಂದು ಕರವಸ್ತ್ರವನ್ನೂ ಒಳಗೆ ಒಯ್ಯಲಿಲ್ಲ. ಅದೂ ಮೆಲ್ಲಗೆ ಕಡಿಮೆಯಾಗುತ್ತ ಬಂತು, ಯಾಕೆಂದರೆ ತುಟಿಗೆ ಇಟ್ಟಾಗಲೆಲ್ಲ ತೊಡೆಗೆ ನೆನಪಾಗುತ್ತಿತ್ತು.

ಈಗ ಅವನು ಮಧ್ಯಾಹ್ನ ಲೈಸ್‌ನ ಅಂಗಡಿಯಲ್ಲಿ ಹೋಗಿ ಕೂರುತ್ತಾನೆ. ಬ್ಯಾಟರಿ ಕೊಂಡು ಹಾಗೇ ಜೇಬಿಗೆ ಇಳಿಸುವ ಹೊಸಬರನ್ನು ಲೈಸ್ ತಡೆಯಲು ಹೋದರೆ ಅವರು ನಗುತ್ತಾರೆ. ಅವ್ವಾದ್ ತಡೆಯುವುದಿಲ್ಲ. ಲೈಸ್ ಕೊಟ್ಟ ಕಾಫಿಯನ್ನು ಕೌಂಟರಿನ ಮೇಲೆ ತನ್ನ ಮುಂದಿಟ್ಟುಕೊಂಡು, ಮೇಲಂಗಿ ಸರಿಪಡಿಸಿ, ಹಜಾರದ ದನಿ ತೆಗೆಯುತ್ತಾನೆ.

"ಮಗನೇ, ನಿನ್ನ ಹತ್ರ ನಂದೊಂದು ಕೋರಿಕೆ ಇದೆ. ಬೀಗದಕೈ, ಚಿಲ್ಲರೆ, ಮಣಿಸರ ಒಂದು ಕಡೆ. ಬ್ಯಾಟರಿ ಡಬ್ಬೀಲಿ. ಅದಾಗೋ ತನಕ ಈ ಕಾಫಿ ನಾ ಮುಟ್ಟಲ್ಲ."

ಬಾಗಿಲ ತನಕ ಹೋದವರು ತಿರುಗಿ ನೋಡುತ್ತಾರೆ. ಬಿಳಿ ಮೀಸೆಯ ಮುದುಕ, ಕದಲದ ಮೈ, ಎದುರಿಗೆ ಹೊಗೆಯಾಡುವ ಬಟ್ಟಲು. ಯಾವ ಮನೆಯಲ್ಲಿ ಹುಟ್ಟಿದ ಮಗನಾದರೂ ಅದನ್ನು ದಾಟಿ ಹೋಗಲಾರ. ಹಿಂದಿರುಗಿ ಬಂದು, ಗೊಣಗುತ್ತ, ಡಬ್ಬಿ ತೆರೆದು ಬ್ಯಾಟರಿ ಇಟ್ಟು ಟಕ್ಕೆಂದು ಮುಚ್ಚುತ್ತಾರೆ. ಆಮೇಲೆ ಅವ್ವಾದ್ ಕುಡಿಯುತ್ತಾನೆ. ಅಲ್ಲಿಯೂ ಅವನ ಕಾಫಿ ಇನ್ನೂ ಆರಿಲ್ಲವೆಂದು ಕೇಳಿದ್ದೇನೆ.